ಲೈಬ್ರರಿಯ ದೊಡ್ಡಪ್ಪ

ತಂಗಿಯ ಬಾಣಂತನಕ್ಕೆಂದು ಹೋದ ತಿಂಗಳು ತಮಿಳುನಾಡಿನ ತೇನಿ ಕಡೆಯ ಚಿನ್ನಮನೂರಿನ ತವರಿಗೆ ಹೋಗಿದ್ದೆ. ಕೂಸಿಗೆ ತೇಯ್ದು ನೆಕ್ಕಿಸಲು ಬಜೆ ಬೇಕೆಂದು ಅಮ್ಮ ಅಂಗಡಿಗೆ ಕಳಿಸಿದಳು. ಪೊಟ್ಟಣ ಬಿಚ್ಚಿ ಮೂಸಿದೆ, ಅಷ್ಟೇ. ಬಸ್ಸುಗಳು ಹಾರನ್ ಬಡಿಯುತ್ತಿದ್ದ ಬೀದಿಯಲ್ಲಿ ನಿಂತವಳಿಗೆ ಕೂಸು ಮರೆತೇ ಹೋಗಿ ಕಾಲೇಜಿನ ಲೈಬ್ರರಿ ನೆನಪಾಯಿತು. ಅಲ್ಲಿ ಪುಸ್ತಕಕ್ಕೆ ಹುಳ ಬೀಳದಿರಲೆಂದು ಪ್ರತಿ ಬೀರುವಿನಲ್ಲೂ ಬಜೆಯ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದವರೊಬ್ಬರಿದ್ದರು...

ಉತ್ತಮಪಾಳಯಂ ಕಡೆಯ ಒಂದು ಕಾಲೇಜಿಗೆ ನಾನು ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಮೊದಲ ವರ್ಷ ಮನಶ್ಶಾಸ್ತ್ರವೂ ಒಂದು ಪಾಠ. ಅದರ ದಪ್ಪ ಇಂಗ್ಲಿಷ್ ಪುಸ್ತಕವನ್ನು ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ಓದಬೇಕು. ಒಂದು ಮಧ್ಯಾಹ್ನ ಬೀರುವಿನ ಮರೆಯಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ನಮ್ಮ ಮನೆಮಾತು ಕನ್ನಡದಲ್ಲಿ ಮಾತಾಡುತ್ತಿದ್ದೆ. ಪುಸ್ತಕ ತೆಗೆದುಕೊಡುತ್ತಿದ್ದ ವಯಸ್ಸಾದವರು ಬಳಿಗೆ ಬಂದರು. ಬೈಯುತ್ತಾರೆ ಅಂದುಕೊಂಡೆ.

"ನಮ್ ಮಾತಾ? ಯಾವ ಊರು ತಾಯಿ? ಯಾವ ಕುಲ?"

ಹೇಳಿದೆ. ನಮ್ಮವರಲ್ಲಿ ಅಷ್ಟು ಕೇಳಿದರೆ ಸಾಕು, ಸಂಬಂಧ ತಾನಾಗಿ ತೀರ್ಮಾನವಾಗುತ್ತದೆ. ಕುಲ, ಅಂದರೆ ಬೆಡಗು, ಬೇರೆಯಾಗಿದ್ದರೆ ಅವರು ಮಾಮ ಆಗುತ್ತಿದ್ದರು. ಒಂದೇ ಆಗಿದ್ದರಿಂದ ದೊಡ್ಡಪ್ಪ ಆದರು. ಹನುಮಂತನಪಟ್ಟಿಯವರು. ಆ ಕಟ್ಟಡದಲ್ಲೆಲ್ಲ ಕನ್ನಡ ಆಡುತ್ತಿದ್ದವರು ನಾವಿಬ್ಬರೇ.

ಅವರು ಓದಿದ್ದು ಕಡಿಮೆ. ಆದರೆ ಯಾವ ಪುಸ್ತಕ ಯಾವ ಬೀರುವಿನ ಎಷ್ಟನೇ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಗಂಟೆಯ ಸದ್ದಿಗೆ ನಾಯಿ ಜೊಲ್ಲು ಸುರಿಸುವ ಪಾಠ ನನಗೆ ತಲೆಗೆ ಹತ್ತದೆ ಒದ್ದಾಡುತ್ತಿದ್ದಾಗ, ನನಗೆ ತಿಳಿದಷ್ಟನ್ನು ಹೇಳಿಸಿ ಕೇಳಿ ನಕ್ಕರು. "ಗದ್ದೇಲಿ ಟ್ರ್ಯಾಕ್ಟರ್ ಸದ್ದು ಕೇಳಿದ್ರೆ ಕೊಕ್ಕರೆ ಓಡಿ ಬರ್ತದಲ್ಲ ತಾಯಿ, ಹುಳ ಸಿಕ್ತದೆ ಅಂತ? ಅದೇ ಇದು." ಪರೀಕ್ಷೆಯಲ್ಲಿ ನಾಯಿಯ ಜೊತೆಗೆ ಕೊಕ್ಕರೆಯನ್ನೂ ಬರೆದೆ. ಪೂರ್ತಿ ಅಂಕ ಬಂತು.

ನೆನಪು ಮತ್ತು ಮರೆವಿನ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅವರು ಬದಲಾಗತೊಡಗಿದ್ದರು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಹುಡುಕುವುದು ಬಿಡಿ, ಅದು ಎಲ್ಲರೂ ಮಾಡುವುದೇ. ಇವರು ತಾವೇ ನಲವತ್ತು ಸಲ ತೆಗೆದುಕೊಟ್ಟ ಪುಸ್ತಕಕ್ಕಾಗಿ ಹೋಗಿ, ಬೀರುವಿನ ಮುಂದೆ ಬಾಗಿಲು ಹಿಡಿದು ನಿಂತುಬಿಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳುತ್ತಿದ್ದರು: "ನಾನ್ ಏನಕ್ ಬಂದೆ ಇಲ್ಲಿ? ನೀನೇ ಹೇಳ್ ತಾಯಿ." ನಾನು ಹೇಳುತ್ತಿದ್ದೆ. ಬೇರೆ ಯಾರಿಗೂ ಅರ್ಥವಾಗದ ಮಾತಿನಲ್ಲಿ ಕೇಳುತ್ತಿದ್ದರು ಎಂಬುದರ ಬೆಲೆ ನನಗೆ ಆಗ ತಿಳಿಯಲಿಲ್ಲ.

ಆ ತಿಂಗಳಲ್ಲೇ ಮೇಡಂ ಒಂದು ಕೆಲಸ ಕೊಟ್ಟರು. ಹತ್ತಿರದ ಒಬ್ಬರನ್ನು ಗಮನಿಸಿ, ಓದಿದ್ದಕ್ಕೆ ಹೊಂದಿಸಿ ಬರೆಯಬೇಕು, ಹೆಸರು ಹಾಕಬಾರದು. ಬುದ್ಧಿವಂತೆ ನಾನು! ಹೆಸರು ಹಾಕಲಿಲ್ಲ, ಕೆಲಸ ಹೇಳಲಿಲ್ಲ, ವಯಸ್ಸನ್ನೂ ಬದಲಾಯಿಸಿದೆ. ಆದರೆ ಬರಹಕ್ಕೆ ಜೀವ ಬರಲೆಂದು 'ನಾನ್ ಏನಕ್ ಬಂದೆ ಇಲ್ಲಿ' ಎಂಬ ಅವರ ಆ ಒಂದು ಮಾತನ್ನು ಇದ್ದ ಹಾಗೇ ಸೇರಿಸಿದೆ. ಕನ್ನಡ ಅಕ್ಷರ ನನಗೆ ಆಗ ಬರುತ್ತಿರಲಿಲ್ಲ, ಅದನ್ನು ಕಲಿತದ್ದು ಮದುವೆಯಾಗಿ ಚಾಮರಾಜನಗರ ಸೇರಿದ ಮೇಲೆ. ತಮಿಳು ಅಕ್ಷರದಲ್ಲೇ ಬರೆದು ಕೆಳಗೆ ಅರ್ಥ ಕೊಟ್ಟೆ.

ಮೇಡಂ ಮೆಚ್ಚಿ ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಆ ಮಾತು ಬಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕಾಲೇಜಿನಲ್ಲಿ ಆ ಭಾಷೆ ಆಡುವ ವಯಸ್ಸಾದವರು ಒಬ್ಬರೇ ಎಂದು ಎಲ್ಲರಿಗೂ ಗೊತ್ತಿತ್ತು. ನನ್ನೊಬ್ಬಳಿಗೆ ಮಾತ್ರ ಅದು ಹೊಳೆದಿರಲಿಲ್ಲ. ಮನೆಮಾತು ಅಂದರೆ ಗಾಳಿಯ ಹಾಗೆ ಎಲ್ಲರ ಮನೆಯಲ್ಲೂ ಇರುತ್ತದೆ ಎಂದುಕೊಂಡಿದ್ದೆನೋ ಏನೋ...

ವಾರದೊಳಗೆ ಮಾತು ಆಫೀಸಿನವರೆಗೆ ಹೋಯಿತು. ಬೀರುಗಳ ಬೀಗದ ಕೈ ಅವರಿಂದ ತೆಗೆದುಕೊಂಡರು. ಬಾಗಿಲ ಬಳಿ ಒಂದು ಕುರ್ಚಿ ಹಾಕಿ, ಬಂದವರಿಂದ ರಿಜಿಸ್ಟರಿನಲ್ಲಿ ಸಹಿ ಹಾಕಿಸುವ ಕೆಲಸ ಕೊಟ್ಟರು. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋದೆ. ಅವರು ಪೆನ್ನು ಮುಂದೆ ಚಾಚಿ, "ಕೈಯೆಳುತ್ತು ಪೋಡುಂಗ" ಅಂದರು. ಸಹಿ ಹಾಕಿ ಅಂತ, ತಮಿಳಿನಲ್ಲಿ, ಬಹುವಚನದಲ್ಲಿ. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮತ್ತೆ ಅವರು ನನ್ನ ಜೊತೆ ಕನ್ನಡ ಆಡಲಿಲ್ಲ. ಎರಡು ವರ್ಷ ದಿನಾ ಆ ಬಾಗಿಲು ದಾಟಿದೆ. ತಪ್ಪಾಯಿತು ದೊಡ್ಡಪ್ಪ ಎಂದು ಒಂದು ಸಲ ಹೇಳಬಹುದಿತ್ತು. ಹೇಳದೇ ಇದ್ದದ್ದಕ್ಕೆ ನನ್ನ ಬಳಿ ಒಂದು ಕಾರಣವಿತ್ತು, ಬರೆಯಲು ನಾಚಿಕೆಯಾಗುತ್ತದೆ. ಎಲ್ಲವನ್ನೂ ಮರೆಯುತ್ತಿದ್ದಾರಲ್ಲ, ಇದನ್ನೂ ಮರೆಯುತ್ತಾರೆ ಅಂದುಕೊಂಡೆ.

ಬಜೆಯ ಪೊಟ್ಟಣ ಅಮ್ಮನಿಗೆ ಕೊಟ್ಟು ಮಾರನೆಯ ದಿನ ಹನುಮಂತನಪಟ್ಟಿಯ ಬಸ್ಸು ಹತ್ತಿದೆ. ದ್ರಾಕ್ಷಿ ತೋಟದ ಪಕ್ಕದ ಮನೆ. ಅವರು ತೀರಿಹೋಗಿ ಒಂದು ವರ್ಷವಾಗಿದೆ ಎಂದು ಅವರ ಹೆಂಡತಿ ಹೇಳಿದರು. ಲೈಬ್ರರಿಯಲ್ಲಿ ಓದುತ್ತಿದ್ದವಳು ಎಂದಷ್ಟೇ ಹೇಳಿಕೊಂಡೆ. ಬಾಗಿಲ ಬಳಿಯ ಕೆಲಸದ ಮಾತೆತ್ತಿದೆ.

"ಮೊಣಕಾಲ್ ನೋವು ಅಂತ ಅವ್ರೇ ಕೇಳಿ ತಕ್ಕೊಂಡ್ರಲ್ಲಮ್ಮ," ಅಂದರು. ದೊಡ್ಡಪ್ಪ ಮನೆಯಲ್ಲಿ ಹಾಗೆ ಹೇಳಿದ್ದರು.

ಕಾಫಿ ಕೊಟ್ಟು ಅವರೇ ಮಾತು ಮುಂದುವರಿಸಿದರು. "ಕಡೇ ಎಂಟು ತಿಂಗ್ಳು ತಮಿಳು ಪೂರಾ ಮರ್ತೇ ಹೋಯ್ತು. ನಮ್ ಮಾತು ಒಂದೇ ನಿಂತಿದ್ದು. ತೇನಿ ಆಸ್ಪತ್ರೇಲಿ ನರ್ಸಮ್ಮಂಗೆ ತಿಳೀಲಿಲ್ಲ. ಮೊಮ್ಮಕ್ಕಳಿಗೆ ಕೇಳಿದ್ರೆ ತಿಳೀತದೆ, ಬಾಯಿಗೆ ಬರಲ್ಲ. ಯಾರ್ ಬಂದ್ರೂ ಕೈ ಹಿಡ್ಕೊಂಡು ಮಾತಾಡೋರು. ತಿರುಗಿ ಮಾತಾಡಕ್ಕೆ ನಾನೊಬ್ಳೇ... ನಾನ್ ಎಷ್ಟಂತ ಆಡ್ಲಿ?"

ನಾನು ಆ ಎಂಟು ತಿಂಗಳಲ್ಲಿ ಮೂರು ಸಲ ತವರಿಗೆ ಬಂದಿದ್ದೆ. ಚಿನ್ನಮನೂರಿನಿಂದ ಅಲ್ಲಿಗೆ ಒಂದು ಬಸ್ಸು, ದೂರವೇನಲ್ಲ. ಯಾರು ಬಂದರೂ ಕೈ ಹಿಡಿದುಕೊಂಡು ಕನ್ನಡ ಆಡುತ್ತಿದ್ದವರು, ನಾನು ಹೋಗಿದ್ದರೆ ನನ್ನ ಜೊತೆಗೂ ಆಡುತ್ತಿದ್ದರು.