ಅತ್ತೆ ನಂಬದ ಅಡಾಪ್ಟರ್

ನಮ್ಮತ್ತೆ ಬಟ್ಟೆ ಹೊಲಿಯೋರು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುಗಿಸಿ ನೋಡುತ್ತಾರೆ. ಮನುಷ್ಯರನ್ನೂ ಅಷ್ಟೇ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನೂ ಹಾಗೇ ನೋಡಿದ್ದರು, ನನಗೆ ಮೈಯೆಲ್ಲ ಉರಿದುಹೋಗಿತ್ತು.

ಮಾವನಿಗೆ ಲಕ್ವ ಹೊಡೆದು ಮಾತು ನಿಂತಿತು. ಬಲಗೈ ಮಾತ್ರ ಒಂಚೂರು ಎತ್ತುತ್ತಾರೆ. ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಕೂಗೋಕೂ ಆಗದು. ಅದಕ್ಕೇ ನನ್ನ ಮೈದುನ ಅಂಗೈಯಗಲದ ಪುಟ್ಟ ಕಂಪ್ಯೂಟರ್ ತಂದ. ಪರದೆ ಇಲ್ಲ, ಕೀಲಿಮಣೆ ಇಲ್ಲ, ಬರೀ ಒಂದು ಹಸಿರು ಬೋರ್ಡು, ಅದರ ಮೇಲೊಂದು ಕೆಂಪು ದೀಪ. ಮಾವ ಹಾಸಿಗೆಯಲ್ಲಿ ಗುಂಡಿ ಒತ್ತಿದರೆ ಮುಂದಿನ ಕೋಣೆಯಲ್ಲಿ, ಹೊಲಿಗೆ ಮೆಷಿನ್ ಪಕ್ಕದಲ್ಲಿ, ಹಿತ್ತಲಿಗೂ ಕೇಳುವಂತೆ ಗಂಟೆ ಬಡಿಯುತ್ತೆ.

"ಇದಕ್ಕೆ ಕರೆಂಟು ಎಲ್ಲಿಂದ?" ಅತ್ತೆಯ ಮೊದಲ ಪ್ರಶ್ನೆ.

ಮೈದುನ ಹಳೇ ಫೋನ್ ಚಾರ್ಜರ್ ಸಿಕ್ಕಿಸಿದ. ಅತ್ತೆ ಮುಟ್ಟಿದರು, ಮೂಸಿದರು. "ಲೋ, ಇದು ಸುಡ್ತಿದೆ ಕಣೋ. ನಿಮ್ಮಪ್ಪನ ಜೀವ ಇದರ ಕೈಗೆ ಕೊಡ್ತೀಯಾ?"

"ಎಲ್ಲಾ ಚಾರ್ಜರೂ ಬಿಸಿಯಾಗ್ತವಮ್ಮ."

"ಎಲ್ಲಾ ಕಳ್ಳರೂ ಹೀಗೇ ಹೇಳೋದು."

ಮೈದುನ ಗುಂಡಿ ಒತ್ತಿ ತೋರಿಸಿದ. ಗಂಟೆ ಬಡಿದ ತಕ್ಷಣ ಬೋರ್ಡು ಆರಿ, ಮತ್ತೆ ಮೊದಲಿಂದ ಶುರುವಾಯಿತು. ಚಾರ್ಜರಿಗೆ ಅಷ್ಟು ಶಕ್ತಿಯೇ ಇರಲಿಲ್ಲ.

ಅತ್ತೆ ನನ್ನನ್ನು ಕರಕೊಂಡು ಅಂಗಡಿಗೆ ಹೊರಟರು. ಅಂಗಡಿಯವನು ಡಬ್ಬಿಯಿಲ್ಲದ ಒಂದು ಅಡಾಪ್ಟರ್ ಮುಂದಿಟ್ಟ. "ಒರಿಜಿನಲ್ಲೇ ಅಮ್ಮ."

"ಒರಿಜಿನಲ್ ಆಗಿದ್ರೆ ಹೀಗ್ಯಾಕೆ ಬರಿಮೈಯಲ್ಲಿ ನಿಂತಿದೆ?" ಅತ್ತೆ ಉಗುರಲ್ಲಿ ಕೆರೆದರು. ಅಕ್ಷರಗಳು ಪುಡಿಪುಡಿಯಾಗಿ ಉದುರಿದವು. ಕೊನೆಗೆ ಈ ಬೋರ್ಡಿಗೆಂದೇ ಮಾಡಿದ್ದು ಸಿಕ್ಕಿತು: ಐದು ವೋಲ್ಟು, ಮೂರು ಆಂಪಿಯರ್, ದಪ್ಪನೆಯ ಗಿಡ್ಡ ವೈರು, ಮೇಲೆ ತಯಾರಕರ ವಿಳಾಸ, ಸುರಕ್ಷತೆಯ ಮುದ್ರೆ. ಎಷ್ಟು ಕೆರೆದರೂ ಅಕ್ಷರ ಅಲುಗಲಿಲ್ಲ. "ಇರಲಿ, ನೋಡೋಣ," ಅಂದರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಹೊಸ ಅಡಾಪ್ಟರ್ ಹಾಕಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಒಳಗೆ ಲೋಟ ಬಿದ್ದ ಸದ್ದಾಯಿತು. ಓಡಿ ಬಂದರೆ ಮಾವನ ಮುಖ ನೀಲಿಗಟ್ಟಿತ್ತು. ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಗುದ್ದಿದ ಮೇಲೆ ಉಸಿರು ಬಂತು. ಬೆರಳು ಗುಂಡಿಯ ಮೇಲೇ ಇತ್ತು, ಗಂಟೆ ಮಾತ್ರ ಬಡಿದಿರಲಿಲ್ಲ. ನಾನು ಆಫೀಸಿನಿಂದ ಬಂದಾಗಲೂ ಅತ್ತೆ ಮಾವನ ಪಕ್ಕದಿಂದ ಎದ್ದಿರಲಿಲ್ಲ. "ಲೋಟ ಬೀಳದೇ ಇದ್ದಿದ್ರೆ?" ಅಂತ ಗೊಳೋ ಎಂದು ಅತ್ತರು.

ಮೈದುನ ಬಂದು ಗುಂಡಿ ಒತ್ತಿ ನೋಡಿದ. ಮೆಷಿನ್ ಮುಂದೆ ಕೂತಿದ್ದ ಅತ್ತೆಯ ಕಿವಿಯ ಹತ್ತಿರವೇ ಗಂಟೆ ಢಣಢಣ ಬಡಿಯಿತು. ಮಾರನೇ ದಿನ ಮತ್ತೆ ಸತ್ತಿತ್ತು! ಆಮೇಲೆ ಅತ್ತೆಯ ಬಾಯಿ ಕೇಳಬೇಕೇ? ಅಂಗಡಿಯವನು ಮೋಸಗಾರ, ಮೈದುನ ಅರೆಬರೆ ಕಲಿತವನು. ಕೊನೆಗೆ, "ನೀನೇನಾದ್ರೂ ಗುಡಿಸುವಾಗ ಕಿತ್ತುಹಾಕ್ತೀಯೇನೇ?" ನನಗೂ ರೇಗಿತು. "ಹೌದು ಅತ್ತೆ, ನನಗೆ ಬೇರೆ ಕೆಲಸ ಇಲ್ಲ ನೋಡಿ!" ಅಂದೆ.

ಮಾವ ಮಾತ್ರ ಬಾಗಿಲ ಕಡೆ ಬೆರಳು ತೋರಿಸುತ್ತಲೇ ಇದ್ದರು. ನೀರು ಕೊಟ್ಟರೆ ಬೇಡ, ಹೊದಿಕೆ ಕೊಟ್ಟರೂ ಬೇಡ. ಅತ್ತೆ ದನಿ ಇಳಿಸಿ, "ಇವರಿಗೆ ತಲೆನೂ ಹೋಯ್ತೇನೋ ಕಣೇ. ಸುಮ್ನೆ ಗೋಡೆ ತೋರಿಸ್ತಾರೆ," ಅಂದರು. ಆಗ ನನಗೆ ಅತ್ತೆಯ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ರಜೆಯ ದಿನ ಮಾವನ ತಲೆಯ ಪಕ್ಕ ಕೂತು, ಅವರ ಬೆರಳು ಹೋದ ಕಡೆಗೇ ನೋಡಿದೆ. ತೆರೆದ ಬಾಗಿಲಾಚೆ ಮೆಷಿನ್, ಅದರ ಪಕ್ಕ ಬೋರ್ಡಿನ ಕೆಂಪು ದೀಪ ಕಾಣುತ್ತಿತ್ತು. ಅತ್ತೆ ದಾರ ಕಡಿದು ಎದ್ದರು. ಅವರ ಕೈ ತಾನಾಗಿ ಗೋಡೆಗೆ ಹೋಯಿತು. ಟಕ್! ಕೆಂಪು ದೀಪ ಆರಿತು.

ನನ್ನ ಮಗಳು ಅಂಬೆಗಾಲಿಡುವಾಗ ಕರೆಂಟಿನ ಮೆಷಿನ್ನಿನ ಪೆಡಲ್ ಮೇಲೆ ಕೈಯೂರಿದ್ದಕ್ಕೆ ಸೂಜಿ ಅತ್ತೆಯ ಉಗುರಿಗೇ ಇಳಿದಿತ್ತು. ಅವತ್ತಿನಿಂದ ಸ್ವಿಚ್ ಆರಿಸದೆ ಅವರು ಎದ್ದಿದ್ದೇ ಇಲ್ಲ. ಅಡಾಪ್ಟರ್ ಸಿಕ್ಕಿಸಿದ್ದೂ ಅದೇ ಸ್ವಿಚ್ಚಿಗೆ.

"ಅತ್ತೆ!" ಅಂತ ಕಿರುಚಿದೆ. ಅವರು ತಿರುಗಿ ಗಂಡನ ಬೆರಳು ನೋಡಿದರು, ಆಮೇಲೆ ಸ್ವಿಚ್ ಮೇಲಿದ್ದ ತಮ್ಮ ಕೈ ನೋಡಿದರು. ಬಂದು ಹಾಸಿಗೆಯ ಅಂಚಿಗೆ ಕೂತರು. "ಅಯ್ಯೋ, ನಿಮಗೆ ತಲೆ ಹೋಯ್ತು ಅಂದ್ಕೊಂಡೆನಲ್ಲ ರೀ..."

ಈಗ ಅಡಾಪ್ಟರಿಗೆ ಬೇರೆಯದೇ ಸ್ವಿಚ್ ಇದೆ. ಅತ್ತೆಗೆ ಅದರ ಮೇಲೆ ಇನ್ನೂ ನಂಬಿಕೆ ಬಂದಿಲ್ಲ. ಮೆಷಿನ್ ಆರಿಸಿ ಎದ್ದಾಗಲೆಲ್ಲ ಬಾಗಿಲಲ್ಲಿ ನಿಂತು, "ದೀಪ ಇದೆಯೇನ್ರೀ?" ಅಂತ ಕೇಳುತ್ತಾರೆ. ಮಾವ ಬೆರಳೆತ್ತಿದ ಮೇಲೇ ಹಿತ್ತಲಿಗೆ ಹೋಗುತ್ತಾರೆ.