ಥಂಡಿ ಹಿಡಿದ ಫ್ಲಾಪಿ

ಕಂಪ್ಯೂಟರ್ ಕೆಡಿಸಿದವನು ನಾನೇ ಎಂದು ಮಧುಗಿರಿಯ ಅರ್ಧ ಪೇಟೆ ಸಂಜೆಯೊಳಗೆ ತೀರ್ಮಾನಿಸಿಬಿಟ್ಟಿತ್ತು. ಕಾರಣವೂ ಸಿದ್ಧವಿತ್ತು: ನಾನು ಎಲ್ಲರನ್ನೂ ಅಣಕಿಸುವವನು. ಹೆಡ್‌ಮೇಷ್ಟ್ರ ಕೆಮ್ಮು, ಪಾವಗಡ ಬಸ್ಸಿನ ಕಂಡಕ್ಟರನ ಅರ್ಧ ತೆಲುಗು, ಕೊನೆಗೆ ನನ್ನದೇ ಬಾತುಕೋಳಿ ನಡಿಗೆ, ಯಾವುದನ್ನೂ ಬಿಟ್ಟವನಲ್ಲ. ಅಂಥವನ ಕೈಯಲ್ಲಿ ಏನಾದರೂ ಕೆಟ್ಟರೆ ಇನ್ನು ವಿಚಾರಣೆ ಯಾಕೆ?

ಎಂಬತ್ತರ ದಶಕದ ಕೊನೆ. ನಾನು ಟೈಪಿಂಗ್ ಕಲಿಸುತ್ತಿದ್ದ ಇನ್‌ಸ್ಟಿಟ್ಯೂಟಿಗೆ ಯಜಮಾನರು ತುಮಕೂರಿನಿಂದ ಹಳೆಯ ಕಂಪ್ಯೂಟರೊಂದನ್ನು ತಂದರು. ಅದರ ಹೊಟ್ಟೆ ಖಾಲಿ. ಜೊತೆಗೆ ಬಂದ ಎರಡು ಫ್ಲಾಪಿ ತಟ್ಟೆಗಳಿಂದ, ಅದನ್ನು ನಡೆಸುವ ಡಾಸ್ ಎಂಬ ಪ್ರೋಗ್ರಾಮನ್ನು ತುಂಬಿದರಷ್ಟೇ ಅದು ಹೇಳಿದ ಮಾತು ಕೇಳುವುದು. ನಾನು ತುಂಬಿಸಿ ತೋರಿಸಿದರೆ ಕಂಪ್ಯೂಟರ್ ಕಲಿಸುವ ಕೆಲಸ ನನಗೆ. ಇಲ್ಲವಾದರೆ ಕೊರಟಗೆರೆಯಲ್ಲಿರುವ ಯಜಮಾನರ ಭಾಮೈದನಿಗೆ ಎಂದು ಮಾತಾಗಿತ್ತು.

ಮೊದಲು ಪೂಜೆ. ನಮ್ಮಲ್ಲಿ ಟೈಪ್‌ರೈಟರ್ ಬಂದರೂ ಪೂಜೆ, ಫ್ಯಾನ್ ಬಂದರೂ ಪೂಜೆ. ಯಜಮಾನರು ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಪರದೆಗೆ, ಕೀಲಿಮಣೆಯ ಅಂಚಿಗೆ, ಎರಡು ಫ್ಲಾಪಿಗಳಿಗೆ ಎಳೆದರು. ನಾನೂ ಹಣೆ ಒಡ್ಡಿದೆ.

ಮೊದಲನೆಯ ಫ್ಲಾಪಿ ಸಲೀಸಾಗಿ ಓಡಿತು. ಎರಡನೆಯದನ್ನು ಹಾಕಿದೆ. ಕರಕರ ಎಂದು ಸದ್ದು ಮಾಡಿ, ಓದಲಾಗುತ್ತಿಲ್ಲ, ಕೈಬಿಡಲೋ ಮತ್ತೆ ನೋಡಲೋ ಎಂದು ಇಂಗ್ಲಿಷಿನಲ್ಲಿ ಕೇಳಿತು. ಮತ್ತೆ ನೋಡು ಎಂದೆ. ಮತ್ತೆ ಅದೇ ಪ್ರಶ್ನೆ. ಮೊದಲನೆಯದನ್ನೇ ತಿರುಗಿ ಹಾಕಿದರೆ, ಆಗತಾನೆ ಓಡಿದ್ದ ಅದೂ ಓಡಲೊಲ್ಲದು!

"ಏನ್ಲಾ, ಅದ್ರ ಮುಂದೂ ಕೋತಿ ಚೇಷ್ಟೆ ಮಾಡ್ದಾ?" ಎಂದರು ಯಜಮಾನರು.

"ಇಲ್ಲ ಸಾ, ಉಸ್ರೂ ಬುಟ್ಟಿಲ್ಲ ನಾನು."

"ಮತ್ತೆ ಹೆಂಗ್ಲಾ ಕೆಟ್ಟೋಯ್ತು? ನಾಳೀಕೆ ನಮ್ಮ್ ಭಾಮೈದುನ್ನ ಕರುಸ್ತೀನಿ ಬುಡು."

ಆ ಭಾಮೈದನಿಗೆ ಬರುತ್ತಿದ್ದುದಾದರೂ ಏನು? ರೇಡಿಯೋಗೆ ಸೆಲ್ಲು ಹಾಕುವುದು, ಅದೂ ತಿರುಗುಮುರುಗಾಗಿ. ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಎರಡನೆಯ ಫ್ಲಾಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಫ್ಲಾಪಿಯ ಕರಿ ಹೊದಿಕೆಯಲ್ಲಿ ಒಂದು ಉದ್ದನೆಯ ಸೀಳಿರುತ್ತದೆ. ಒಳಗಿನ ಕಂದು ತಟ್ಟೆ ಕಾಣುವುದು ಅಲ್ಲಿ, ಯಂತ್ರ ಓದುವುದೂ ಅಲ್ಲೇ. ಸರಿಯಾಗಿ ಅಲ್ಲೇ ಬೆಳ್ಳಗೆ ವಿಭೂತಿ ಒಣಗಿ ಕೂತಿತ್ತು! ಮೊದಲನೆಯದಕ್ಕೆ ಪುಣ್ಯಕ್ಕೆ ಹೊದಿಕೆಯ ಮೇಲೆ ಬಿದ್ದಿತ್ತು. ಇದಕ್ಕೆ ನೇರ ಕಣ್ಣಿಗೇ ಬಿದ್ದಿತ್ತು. ಆ ಪುಡಿ ಯಂತ್ರದ ಒಳಗೆ ತಟ್ಟೆಯನ್ನು ಓದುವ ಹೆಡ್ಡಿಗೆ ಮೆತ್ತಿ, ಒಳ್ಳೆಯ ಫ್ಲಾಪಿಯನ್ನೂ ಓದದಂತೆ ಮಾಡಿತ್ತು.

ಆಸ್ಪತ್ರೆಯ ಕಾಂಪೌಂಡರನ್ನು ಕಾಡಿಬೇಡಿ ಸ್ಪಿರಿಟ್ಟು, ಹತ್ತಿ ತಂದು, ಟೇಪ್ ರೆಕಾರ್ಡರಿನ ಹೆಡ್ ಒರೆಸುವಂತೆ ಒರೆಸಿದೆ. ಶಿರಾದ ಎಣ್ಣೆ ಮಿಲ್ಲೊಂದರಲ್ಲಿ ಕಂಪ್ಯೂಟರ್ ಇತ್ತು; ಬೆಳಗಿನ ಬಸ್ಸಿಗೇ ಹೋಗಿ, ಅವರಲ್ಲಿದ್ದ ಡಾಸ್‌ನ ಎರಡನೆಯ ಫ್ಲಾಪಿಯಿಂದ ಪ್ರತಿ ಮಾಡಿಸಿ, ಭಾಮೈದ ಬರುವ ಮೊದಲೇ ಎದೆಗವುಚಿಕೊಂಡು ತಂದೆ. ಈ ಸಲ ಡಾಸ್ ಸೊಲ್ಲೆತ್ತದೆ ಇಳಿಯಿತು.

"ನೋಡಿ ಸಾ, ಕೆಡ್ಸಿದ್ದು ಇದು" ಎಂದು ಹಳೆಯ ಫ್ಲಾಪಿಯನ್ನು ಯಜಮಾನರ ಮುಂದೆ ಹಿಡಿದೆ.

"ಈಬೂತಿಯಿಂದ ಯಾವ್ದಾದ್ರೂ ಕೆಡ್ತದೇನ್ಲಾ? ಬಾಯ್ ತೊಳ್ಕಾ ಮೊದ್ಲು!"

"ಹಣೆಗೆ ಒಳ್ಳೇದೇ ಸಾ. ಇದುಕ್ಕೆ ಹಣೆ ಎಲ್ಲೈತೆ ಅಂತ ನೋಡಿ ಹಚ್ಬೇಕಿತ್ತು."

ಯಜಮಾನರು ಹೊಟ್ಟೆ ಮುಂದೆ ಮಾಡಿ ಮೀಸೆ ತಿರುವಿದರು. "ಕೆಲ್ಸ ನೀನೇ ಇಟ್ಕಳ್ಳಲಾ. ಆದ್ರೆ ಯಾರಾದ್ರೂ ಕೇಳುದ್ರೆ, ಫ್ಲಾಪಿಗೆ ಥಂಡಿ ಹಿಡ್ದಿತ್ತು ಅನ್ನು."

ಥಂಡಿ! ಬೇಸಿಗೆಯ ಮಧುಗಿರಿಯಲ್ಲಿ! ಬೆಟ್ಟದ ಬಂಡೆ ಹೆಂಚಿನಂತೆ ಕಾದು ಊರನ್ನೇ ಹುರಿಯುವ ತಿಂಗಳಲ್ಲಿ, ಮನುಷ್ಯರಿಗೇ ಹಿಡಿಯದ ಥಂಡಿ ಫ್ಲಾಪಿಗೆ ಹಿಡಿಯಿತಂತೆ! ತಪ್ಪು ನನ್ನದು ಎಂದುಕೊಂಡಾಗ ಕೋತಿ ಚೇಷ್ಟೆ, ಅವರದೆಂದು ಗೊತ್ತಾದಾಗ ಹವಾಮಾನ. ನನಗೆ ಕೆಲಸ ಬೇಕಿತ್ತು. ಹಲ್ಲು ಕಚ್ಚಿ ತಲೆಯಾಡಿಸಿದೆ.

ಮೊದಲ ತರಗತಿಯಲ್ಲೇ ಹುಡುಗಿಯೊಬ್ಬಳು ಕೇಳಿದಳು: "ಸಾ, ಏನಾಗಿತ್ತಂತೆ ಇದುಕ್ಕೆ?"

ಒಪ್ಪಿದ ಮಾತಿಗೆ ನಾನು ತಪ್ಪಲಿಲ್ಲ. ಆದರೆ ಯಾರ ದನಿಯಲ್ಲಿ ಹೇಳಬೇಕೆಂದು ಮಾತಾಗಿರಲಿಲ್ಲವಲ್ಲ? ಹೊಟ್ಟೆ ಮುಂದೆ ತಂದು, ಇಲ್ಲದ ಮೀಸೆ ತಿರುವಿ, "ಥಂಡಿ ಕಣಮ್ಮ, ಥಂಡಿ!" ಎಂದೆ.

ತರಗತಿ ಗೊಳ್ಳೆಂದಿತು. ಪಕ್ಕದ ಯಜಮಾನರ ಕೋಣೆಯಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. "ಲೇ!"