ಬಚ್ಚಲಿನ ಮೇಲೆ ತಡೆಯಾಜ್ಞೆ

ಬಿದ್ದು ಸೊಂಟ ಮುರಿದ ಮೇಲೆ ಅವ್ವನಿಗೆ ಹಿತ್ತಿಲ ತುದಿಯ ತಡಿಕೆ ಬಚ್ಚಲಿನವರೆಗೆ ನಡೆಯಲಾಗುತ್ತಿರಲಿಲ್ಲ. ಮಾನ್ವಿಯ ನಮ್ಮ ಮನೆಗೆ ಅಂಟಿಸಿಯೇ ಒಂದು ಬಚ್ಚಲುಮನೆ ಕಟ್ಟಿಸಲು ಹೊರಟೆ. ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಪಕ್ಕದ ಮನೆಯ ಯಜಮಾನರು ಆ ಜಾಗ ತಮ್ಮದೆಂದು ಕೋರ್ಟಿನಿಂದ ತಡೆಯಾಜ್ಞೆ ತಂದರು. ಅಂದಿನಿಂದ ಅವ್ವ ಅರೆಗೋಡೆಗೆ ಸೀರೆ ಕಟ್ಟಿಕೊಂಡು, ಅವರು ಮಾಳಿಗೆ ಹತ್ತುವ ಮೊದಲೇ, ನಸುಕಿನಲ್ಲಿ ನಡುಗುತ್ತ ಮೈ ತೊಳೆಯುತ್ತಿದ್ದಳು.

ಅಳತೆಯಾಯಿತು, ಜಾಗ ನಮ್ಮದೇ ಎಂದು ತೀರ್ಪೂ ಆಯಿತು. ಯಜಮಾನರು ರಾಯಚೂರಿಗೆ ಅಪೀಲು ಹೋಗಿ ಅಲ್ಲೂ ಸೋತರು. ಆಮೇಲೆ ಹೆಂಡತಿಯ ಹೆಸರಲ್ಲಿ ಅದೇ ದಾವೆ. ಪ್ರತಿ ಸಲವೂ ತಡೆಯಾಜ್ಞೆಗೆ ಹೊಸ ಅರ್ಜಿ, ಅದು ತೀರುವ ತನಕ ಇಟ್ಟಿಗೆ ಮುಟ್ಟಬೇಡಿ ಎನ್ನುವ ನಮ್ಮ ವಕೀಲರು. ಕೊನೆಗೆ ಅಳಿಯನ ಹೆಸರಲ್ಲಿ ದೇವದುರ್ಗದಲ್ಲೊಂದು! ಮಾನ್ವಿಯ ಜಾಗಕ್ಕೆ ಇಲ್ಲೇನು ಕೆಲಸ ಎಂದು ಅಲ್ಲಿಯ ನ್ಯಾಯಾಧೀಶರು ಕಾಗದ ವಾಪಸು ಕೊಟ್ಟರು. ಅಷ್ಟು ಕೇಳಲಿಕ್ಕೆ ನಾನು ರಜೆ ಹಾಕಿ ಹೋಗಬೇಕಾಯಿತು. ಬಸ್ಸಿನಲ್ಲಿ ಟವೆಲ್ ಹಾಸಿ ನನಗೆ ಸೀಟು ಹಿಡಿದಿದ್ದವರು ಯಾರು? ಅದೇ ಯಜಮಾನರು.

"ಬರ್ರಿ, ಕೂಡ್ರಿ. ಕೋರ್ಟಿನ ಮಾತು ಕೋರ್ಟಿಗೆ. ಅವ್ವಾರು ಆರಾಮ ಅದಾರಿಲ್ಲ?"

ಮೈಯೆಲ್ಲ ಉರಿಯಿತು. ಆದರೂ ಕೂತೆ, ಬೇರೆ ಸೀಟು ಇರಲಿಲ್ಲ.

"ಇನ್ನ ಕೇಸು ಹಾಕಬ್ಯಾಡ್ರಿ ಅಂತ ಕೋರ್ಟು ಇವ್ರಿಗೆ ಹೇಳಂಗಿಲ್ಲೇನ್ರಿ?" ಊರಿಗೆ ಬಂದು ನಮ್ಮ ವಕೀಲರನ್ನು ಕೇಳಿದೆ.

"ಬಾಗಿಲಾ ಯಾರಿಗೂ ಮುಚ್ಚಾಕ ಬರಂಗಿಲ್ರಿ. ಒಳಗ ಬಂದಮ್ಯಾಲ ಹೊರಗ ಹಾಕಬೇಕು, ದಂಡ ಹಾಕಬೇಕು. ಅಷ್ಟ."

ಮುಂದಿನ ದಾವೆಯನ್ನು ಯಜಮಾನರು ಮಾನ್ವಿಯಲ್ಲೇ ಹಾಕಿದರು. ನ್ಯಾಯಾಧೀಶರು ಅದನ್ನು ವಿಚಾರಣೆಗೂ ತೆಗೆದುಕೊಳ್ಳಲಿಲ್ಲ. "ಕೋರ್ಟನ್ನು ನಿಮ್ಮ ಮನೆ ಕಟ್ಟೆ ಅಂದುಕೊಂಡಿದ್ದೀರಾ?" ಎಂದು ಬೈದು ದಂಡ ಹಾಕಿದರು. ಯಜಮಾನರು ಗುಡಿಗೆ ಕಾಣಿಕೆ ಹಾಕುವವರಂತೆ ಕೈಮುಗಿದು ದಂಡ ಕಟ್ಟಿದರು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಬಚ್ಚಲಿಗೆ ಚಾವಣಿಯಾಯಿತು, ಚಿಲಕವಿರುವ ಬಾಗಿಲೂ ಬಂತು. ಅವ್ವ ಅಂದು ಹಾಡುಹಗಲಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು ಜಳಕಕ್ಕೆ ಕೂತಳು. ಏನೋ ಗುನುಗುತ್ತಿದ್ದಳು. ನನಗೆ ಅಳುವೇ ಬಂದಿತ್ತು.

ಅಷ್ಟರಲ್ಲಿ ಕೋರ್ಟಿನ ಅಮೀನರು ಸಮನ್ಸು ಹಿಡಿದು ಅಂಗಳಕ್ಕೆ ಬಂದರು. ಬಚ್ಚಲ ನೀರು ಹರಿಯುವ ಜಾಗ ತಮ್ಮದೆಂದು ಯಜಮಾನರ ಹೊಸ ದಾವೆ. ಸಹಿ ಹಾಕಿ, ಕಾಗದ ಮಡಚಿ ಜೇಬಿಗಿಟ್ಟೆ.

"ಯಾರ ಬಂದಾರ?" ಅವ್ವ ಒಳಗಿನಿಂದಲೇ ಕೂಗಿದಳು.

"ಯಾರೂ ಇಲ್ಲ ಬೇ ಯವ್ವಾ. ನೀ ಸಾವಕಾಶ ನೀರು ಹಾಕ್ಕೊ," ಎಂದೆ.